ಖಾಲಿ ಸಾಲಿನ ಕೆಳಗೆ

“ಬುದ್ಧಿ, ಮಾಡಿದ ಕೆಲಸ ಸರಿಯಾಗಿದೆ ಅಂತ ತಿಳ್ಕೊಳ್ಳೋದು ಹೇಗೆ? ಯಾರೂ ದೂರು ಹೇಳದಿದ್ರೆ ಸಾಕಲ್ವಾ?”

ಮಠದ ಕಚೇರಿ ನೋಡಿಕೊಳ್ಳುತ್ತಿದ್ದ ಶಿಷ್ಯ ಗುರುಮಲ್ಲ ಗುರುಗಳನ್ನು ಹೀಗೆ ಕೇಳಿದ. ಕೇಳಿದ ಎನ್ನುವುದು ಮಾತಿಗಷ್ಟೇ. ಉತ್ತರವನ್ನೂ ತಾನೇ ಸಿದ್ಧ ಮಾಡಿಕೊಂಡು ಬಂದಿದ್ದ. ಗುರುಗಳು ಹೌದು ಎನ್ನುವುದೊಂದು ಬಾಕಿ ಇತ್ತು.

ಅವನ ಹಿಗ್ಗಿಗೆ ಕಾರಣವಿತ್ತು. ಮಠದಲ್ಲಿ ಬಡ ಮಕ್ಕಳಿಗಾಗಿ ಒಂದು ಉಚಿತ ವಿದ್ಯಾರ್ಥಿನಿಲಯ ಇದೆ. ಅರ್ಜಿ ಹಾಕಿದ ಮಕ್ಕಳ ಮನೆಗಳಿಗೆ ಪ್ರತಿ ವರ್ಷ ಕಾಗದ ಬರೆದು ಕರೆಸಬೇಕು. ಮೊದಲೆಲ್ಲ ಆ ಕಾಲ ಬಂತೆಂದರೆ ಕಚೇರಿಯವರಿಗೆ ಊಟ ನಿದ್ದೆ ಇರುತ್ತಿರಲಿಲ್ಲ. ಕಾಗದ ಮಡಚುವವನೊಬ್ಬ, ಅಂಟು ಹಚ್ಚುವವನೊಬ್ಬ, ವಿಳಾಸ ತಪ್ಪಾಯಿತೆಂದು ಗೊಣಗುವವನು ಇನ್ನೊಬ್ಬ. ಈ ವರ್ಷ ಗುರುಮಲ್ಲ ಎಲ್ಲರ ಹೆಸರನ್ನೂ ಇಮೇಲ್ ವಿಳಾಸವನ್ನೂ ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ ಏರಿಸಿದ. ಆಮೇಲೆ ಅದಕ್ಕೊಂದು ಮ್ಯಾಕ್ರೋ ಬರೆದ. ಮ್ಯಾಕ್ರೋ ಎಂದರೆ ಕಂಪ್ಯೂಟರಿಗೆ ಒಮ್ಮೆ ಹೇಳಿಕೊಟ್ಟ ಪಾಠ. ಹೆಸರು ಓದು, ಕಾಗದ ಬರೆ, ವಿಳಾಸಕ್ಕೆ ಕಳಿಸು, ಮುಂದಿನ ಸಾಲಿಗೆ ಹೋಗು ಎಂದು ಕಲಿಸಿಬಿಟ್ಟರೆ ಸಾಕು, ಅದು ಬೇಸರವಿಲ್ಲದೆ ಮಾಡುತ್ತ ಹೋಗುತ್ತದೆ. ಗುರುಮಲ್ಲ ಒಂದು ಗುಂಡಿ ಒತ್ತಿ ಮಜ್ಜಿಗೆ ಕುಡಿಯಲು ಎದ್ದು ಹೋದ. ಲೋಟ ತೊಳೆದಿಟ್ಟು ಬರುವಷ್ಟರಲ್ಲಿ ಎಲ್ಲ ಕಾಗದಗಳೂ ಹೋಗಿದ್ದವು.

ಅಂದಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ. ಮಠದ ಎಲ್ಲ ಶಾಖೆಗಳಿಗೂ ಹೋಗಿ ಇದನ್ನೇ ಹಾಕಿಕೊಟ್ಟು ಬರುತ್ತೇನೆ, ಅಪ್ಪಣೆ ಆಗಬೇಕು ಎಂದು ಬಂದಿದ್ದ.

“ಕರೆದ ಮಕ್ಕಳೆಲ್ಲ ಬಂದರೋ?” ಎಂದು ಗುರುಗಳು ಕೇಳಿದರು.

“ಬಹಳ ಜನ ಬಂದ್ರು ಬುದ್ಧಿ. ಕೆಲವರು ಬರಲಿಲ್ಲ. ಮನಸ್ಸಿದ್ದೋರು ಬರ್ತಾರೆ. ಇಲ್ಲದೋರನ್ನ ಎಳ್ಕೊಂಡು ಬರೋಕಾಗುತ್ತಾ?”

ಗುರುಗಳು ಕೂತುಕೋ ಎಂದು ಕೈಸನ್ನೆ ಮಾಡಿದರು. ಗುರುಮಲ್ಲನ ಮುಖ ಸ್ವಲ್ಪ ಇಳಿಯಿತು. ಗುರುಗಳು ಕೂತುಕೋ ಎಂದರೆ ಕತೆ ಹೇಳುತ್ತಾರೆ ಎಂದು ಅರ್ಥ. ಅಪ್ಪಣೆ ಬೇಗ ಸಿಗುವುದಿಲ್ಲ ಎಂದೂ ಅರ್ಥ. ಅವನು ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಕಿವಿಯ ಆಸ್ಪತ್ರೆ ಇತ್ತು. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಅಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಒಂದು ಯಂತ್ರ ಕೂರಿಸುತ್ತಿದ್ದರು. ಬಡವರಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಆ ಕೆಲಸಕ್ಕೆ ಒಂದು ಕಾಲ ಇದೆ. ಮಗು ಮಾತು ಕಲಿಯುವ ವಯಸ್ಸಿನಲ್ಲೇ ಅದರ ಕಿವಿ ತೆರೆಯಬೇಕು. ಆ ವಯಸ್ಸು ದಾಟಿದ ಮೇಲೆ ಸದ್ದು ಕೇಳಿಸಿದರೂ ಮಾತು ಹತ್ತುವುದು ಕಷ್ಟ. ಹಾಗಾಗಿ ಆಸ್ಪತ್ರೆಯವರು ಆಗಾಗ ಶಿಬಿರ ನಡೆಸುತ್ತಿದ್ದರು. ಹೆಸರು ಬರೆಸಿದ ಮನೆಗಳಿಗೆಲ್ಲ ಕಾಗದ ಹಾಕಿ ಕರೆಸುತ್ತಿದ್ದರು. ಬಂದ ಮಕ್ಕಳನ್ನು ಪರೀಕ್ಷಿಸಿ ಒಬ್ಬೊಬ್ಬರಿಗೇ ಯಂತ್ರ ಕೂರಿಸುತ್ತಿದ್ದರು.

ಕಾಗದ ಹಾಕುವ ಕೆಲಸಕ್ಕೆ ಒಬ್ಬ ಗುಮಾಸ್ತನಿದ್ದ. ಚುರುಕಿನ ಆಳು, ಒಳ್ಳೆಯ ಮನುಷ್ಯ. ಅವನೂ ಹೆಸರುಗಳನ್ನೆಲ್ಲ ಸ್ಪ್ರೆಡ್‌ಶೀಟಿಗೆ ಏರಿಸಿದ. ಅವನೂ ಒಂದು ಮ್ಯಾಕ್ರೋ ಬರೆದ. ಮೊದಲ ಸಾಲಿನಿಂದ ಶುರುಮಾಡು, ಹೆಸರಿದ್ದರೆ ಕಾಗದ ಕಳಿಸು, ಮುಂದಿನ ಸಾಲಿಗೆ ಹೋಗು, ಹೆಸರಿಲ್ಲದ ಸಾಲು ಸಿಕ್ಕರೆ ಪಟ್ಟಿ ಮುಗಿಯಿತೆಂದು ತಿಳಿದು ನಿಲ್ಲು ಎಂದು ಅದಕ್ಕೆ ಕಲಿಸಿದ. ಗುಂಡಿ ಒತ್ತಿದ. ಕಾಗದಗಳು ಹೋದವು. ಶಿಬಿರದ ದಿನ ಅಂಗಳ ತುಂಬ ಜನ. ವೈದ್ಯರು ಅವನ ಬೆನ್ನು ತಟ್ಟಿದರು.

ಈ ಗುಮಾಸ್ತ ಗುರುಮಲ್ಲನಿಗೆ ತುಂಬ ಹಿಡಿಸಿದ. ಆದರೂ ಹೆಸರಿಲ್ಲದ ಸಾಲಿನ ಮಾತು ಬಂದಾಗ ಅವನಿಗೆ ಒಳಗೊಳಗೇ ನಗು ಬಂತು. ಎಡವುವುದು ಅಲ್ಲೇ ಎಂದುಕೊಂಡ.

ಆ ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯೂ ಇದ್ದ, ಎಂದು ಗುರುಗಳು ಮುಂದುವರಿಸಿದರು. ತಳ್ಳುಗಾಡಿಯಲ್ಲಿ ಸ್ಟೀಲು ಪಾತ್ರೆ ಹೇರಿಕೊಂಡು ಬೀದಿ ಬೀದಿ ಸುತ್ತುವವನು. ಅವನಿಗೆ ಒಬ್ಬಳೇ ಮಗಳು. ಒಂದು ದಿನ ಮಗು ಮಲಗಿದ್ದ ಹೊತ್ತಿನಲ್ಲಿ ಅಟ್ಟದ ಮೇಲಿಂದ ದೊಡ್ಡ ಕೊಳಗವೊಂದು ಉರುಳಿ ಬಿತ್ತು. ಪಕ್ಕದ ಮನೆಯವರು ಏನಾಯಿತೆಂದು ಓಡಿ ಬಂದರು. ಮಗು ಮಾತ್ರ ಕದಲಲಿಲ್ಲ. ತಾಯಿ ಒಳ್ಳೆಯ ನಿದ್ದೆ ಎಂದಳು. ವ್ಯಾಪಾರಿಗೆ ನಂಬಿಕೆ ಬರಲಿಲ್ಲ. ಮಾರನೆಯ ದಿನವೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ ಹೆಸರು ಬರೆಸಿದ. ಗುಮಾಸ್ತ ಅವನಿಗೊಂದು ನಂಬರಿನ ಚೀಟಿ ಕೊಟ್ಟು, ಶಿಬಿರ ಇದ್ದಾಗ ಇಮೇಲ್ ಬರುತ್ತದೆ, ಫೋನು ನೋಡುತ್ತಿರಿ ಎಂದು ಹೇಳಿ ಕಳಿಸಿದ.

ವ್ಯಾಪಾರಿಗೆ ಇಮೇಲ್ ಎಂದರೇನೆಂದು ಅಷ್ಟಾಗಿ ತಿಳಿಯದು. ಮೊಬೈಲ್ ಅಂಗಡಿಯವನು ಅವನ ಫೋನಿನಲ್ಲಿ ಒಂದು ವಿಳಾಸ ಮಾಡಿಕೊಟ್ಟಿದ್ದ. ಪ್ರತಿ ಸಂಜೆ ಗಾಡಿ ನಿಲ್ಲಿಸಿ, ಕೈಕಾಲು ತೊಳೆದು, ಅವನು ಫೋನು ಹಿಡಿದು ಕೂರುತ್ತಿದ್ದ. ಸಾಲ ಕೊಡುತ್ತೇವೆ ಎನ್ನುವವರು ಬರೆಯುತ್ತಿದ್ದರು. ಕಾರು ಗೆದ್ದಿದ್ದೀರಿ ಎನ್ನುವವರು ಬರೆಯುತ್ತಿದ್ದರು. ಅವನು ಎಲ್ಲವನ್ನೂ ಅಕ್ಷರ ಬಿಡದೆ ಓದುತ್ತಿದ್ದ. ಯಾವುದನ್ನೂ ಅಳಿಸುತ್ತಿರಲಿಲ್ಲ. ಬೇಕಾದದ್ದೇ ಅಳಿಸಿಹೋದರೆ ಎಂದು ಅವನಿಗೆ ಭಯ. ಆಸ್ಪತ್ರೆಯದು ಮಾತ್ರ ಬರಲಿಲ್ಲ.

ಬರಲಿಲ್ಲ ಏಕೆಂದರೆ, ಪಟ್ಟಿಯಲ್ಲಿ ಅವನಿಗಿಂತ ಬಹಳ ಮೇಲಿದ್ದ ಒಬ್ಬ ತಂದೆ ಒಂದು ದಿನ ಪೇಡದ ಪೊಟ್ಟಣ ಹಿಡಿದು ಗುಮಾಸ್ತನ ಹತ್ತಿರ ಬಂದಿದ್ದ. ಬೇರೆ ಊರಿನಲ್ಲಿ ತನ್ನ ಮಗುವಿಗೆ ಯಂತ್ರ ಕೂರಿಸಿದರು, ನಮ್ಮ ಹೆಸರು ತೆಗೆದುಬಿಡಿ ಎಂದಿದ್ದ. ಗುಮಾಸ್ತ ಸಂತೋಷದಿಂದ ಪೇಡ ಬಾಯಿಗೆ ಹಾಕಿಕೊಂಡು ಆ ಹೆಸರು ಅಳಿಸಿದ. ಸಾಲನ್ನೇ ಕಿತ್ತುಹಾಕಿದರೆ ಕೆಳಗಿನವರೆಲ್ಲ ಒಂದೊಂದು ಸಾಲು ಮೇಲಕ್ಕೆ ಸರಿದು, ಅವರ ಚೀಟಿಯ ನಂಬರು ತಾಳೆಯಾಗುವುದಿಲ್ಲ. ಅದಕ್ಕೆ ಸಾಲನ್ನು ಖಾಲಿ ಬಿಟ್ಟ. ಜಾಗರೂಕತೆಯಿಂದಲೇ ಬಿಟ್ಟ.

ಮುಂದಿನ ಶಿಬಿರಕ್ಕೆ ಅವನು ಗುಂಡಿ ಒತ್ತಿದಾಗ ಮ್ಯಾಕ್ರೋ ಆ ಖಾಲಿ ಸಾಲಿನ ತನಕ ಹೋಯಿತು. ಹೆಸರಿಲ್ಲ, ಪಟ್ಟಿ ಮುಗಿಯಿತು ಎಂದು ತಿಳಿದು ನಿಂತಿತು. ಪರದೆಯ ಮೇಲೆ ‘ಕೆಲಸ ಮುಗಿಯಿತು’ ಎಂದು ಬಂತು. ಗುಮಾಸ್ತ ಕಂಪ್ಯೂಟರ್ ಆರಿಸಿ ಮನೆಗೆ ಹೋದ. ಅದರ ಮುಂದಿನ ಶಿಬಿರಕ್ಕೂ ಹಾಗೆಯೇ ಆಯಿತು. ಅದರ ಮುಂದಿನದಕ್ಕೂ.

ಗುಮಾಸ್ತ ದೂರುಗಳನ್ನು ಕೇಳದವನಲ್ಲ. ನಮ್ಮ ಮಗುವಿನ ಹೆಸರು ತಪ್ಪಾಗಿ ಬರೆದಿದ್ದೀರಿ ಎಂದು ಒಬ್ಬ ತಾಯಿ ಫೋನು ಮಾಡಿದಳು. ಅವನು ನಿಂತ ಕಾಲಲ್ಲೇ ತಿದ್ದಿದ. ಒಂದೇ ಕಾಗದ ಎರಡು ಸಲ ಬಂದಿದೆ ಎಂದು ಒಬ್ಬ ಮೇಷ್ಟರು ರೇಗಿದರು. ಕ್ಷಮಿಸಿ ಸಾರ್ ಎಂದು ಅದನ್ನೂ ಸರಿಪಡಿಸಿದ. ಅಕ್ಷರ ಚಿಕ್ಕದಾಯಿತು ಎಂದು ಇನ್ನೊಬ್ಬರು ಹೇಳಿದರು. ದೊಡ್ಡದು ಮಾಡಿದ. ಕೊನೆಗೆ ದೂರುಗಳೇ ಬರುವುದು ನಿಂತಿತು. ನನ್ನ ಕೆಲಸದಲ್ಲಿ ಬೆರಳಿಟ್ಟು ತೋರಿಸುವಂಥದ್ದು ಈಗ ಒಂದೂ ಇಲ್ಲ ಎಂದು ಅವನು ಎದೆ ತಟ್ಟಿಕೊಂಡು ಹೇಳುತ್ತಿದ್ದ. ಅದು ಸುಳ್ಳೂ ಆಗಿರಲಿಲ್ಲ.

ಒಮ್ಮೆ ವೈದ್ಯರು ಅವನನ್ನು ಕರೆದು, “ಈಚೆಗೆ ಹೆಸರು ಬರೆಸಿದವರು ಯಾರೂ ಶಿಬಿರಕ್ಕೆ ಬರ್ತಾನೇ ಇಲ್ವಲ್ಲ, ಯಾಕೆ?” ಎಂದು ವಿಚಾರಿಸಿದರು.

“ಕಾಗದ ಹೋಗಿದೆ ಸಾರ್,” ಎಂದ ಗುಮಾಸ್ತ. “ಹೆಸರು ಬರೆಸೋವಾಗ ಇರೋ ಆಸೆ ಆಮೇಲೆ ಇರಲ್ಲ. ಆಪರೇಷನ್ ಅಂದ್ರೆ ಹೆದರ್ತಾರೆ. ನಾವೇನು ಮಾಡೋಕಾಗುತ್ತೆ?”

ಇಂಥ ಮಾತು ಆಡುವಾಗ ನಾಲಿಗೆ ತಡವರಿಸುವುದೇ ಇಲ್ಲ. ವೈದ್ಯರಿಗೂ ನಿಜವಿರಬಹುದು ಎನಿಸಿತು.

ಇತ್ತ ವ್ಯಾಪಾರಿಯ ಮಗಳು ಬೆಳೆಯುತ್ತಿದ್ದಳು. ಅಂಗಳದಲ್ಲಿ ಓಡುತ್ತಿದ್ದಳು. ಬೇಕಾದದ್ದನ್ನು ಬೆರಳು ತೋರಿಸಿ ಕೇಳುತ್ತಿದ್ದಳು. ಒಂದು ದಿನ ವ್ಯಾಪಾರಿ ಒಂದು ಮನೆಯ ಮುಂದೆ ಕುಕ್ಕರ್ ತೋರಿಸುತ್ತಿದ್ದಾಗ, ಆ ಮನೆಯ ಹುಡುಗನ ಕಿವಿಯ ಹಿಂದೆ ಯಂತ್ರ ಕಂಡಿತು. ಹುಡುಗ ಪಟಪಟ ಮಾತಾಡುತ್ತಿದ್ದ. ವ್ಯಾಪಾರಿ ತನ್ನ ಮಗಳ ವಿಷಯ ಹೇಳಿದ. ಆ ಮನೆಯಾಕೆ ಮಗಳ ವಯಸ್ಸು ಕೇಳಿ, “ಅಯ್ಯೋ, ಇನ್ನೂ ಯಾಕಣ್ಣಾ ಸುಮ್ಮನಿದ್ದೀರಿ? ತಡ ಆದ್ರೆ ಮಾತು ಬರಲ್ಲ ಅಂತ ಡಾಕ್ಟ್ರು ನಮಗೆ ಬಡ್ಕೊಂಡು ಹೇಳಿದ್ರು,” ಎಂದಳು. ವ್ಯಾಪಾರಿ ಗಾಡಿಯನ್ನು ಅವಳ ಬಾಗಿಲಲ್ಲೇ ಬಿಟ್ಟು ಮನೆಗೆ ಓಡಿದ. ಮಗಳನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದ.

ಗುಮಾಸ್ತ ಚೀಟಿ ನೋಡಿ ಮುಖ ಗಂಟು ಹಾಕಿದ. “ನಿಮಗೆ ಎಷ್ಟು ಸಲ ಮೇಲ್ ಹೋಗಿದೆ ಗೊತ್ತೇನ್ರೀ? ಕರೆದಾಗ ಬರಲಿಲ್ಲ, ಈಗ ಮಗೂನ ಎತ್ಕೊಂಡು ಓಡಿ ಬಂದಿದ್ದೀರಿ,” ಎಂದ.

ವ್ಯಾಪಾರಿ ಎದುರಾಡಲಿಲ್ಲ. ನಾನೇ ಎಲ್ಲೋ ನೋಡದೆ ಬಿಟ್ಟಿರಬೇಕು, ನೀವೇ ನೋಡಿ ಸ್ವಾಮಿ ಎಂದು ಫೋನನ್ನು ಅವನ ಕೈಗೆ ಕೊಟ್ಟ. ಗುಮಾಸ್ತ ಬೆರಳಾಡಿಸಿ ನೋಡಿದ. ಸಾಲದವರು ಇದ್ದರು, ಕಾರಿನವರು ಇದ್ದರು. ಆಸ್ಪತ್ರೆಯ ಕಾಗದ ಒಂದೂ ಇರಲಿಲ್ಲ. ಅವನು ಸ್ಪ್ರೆಡ್‌ಶೀಟ್ ತೆರೆದು ಸಾಲು ಸಾಲಾಗಿ ಕೆಳಗಿಳಿದ. ಖಾಲಿ ಸಾಲಿನ ಹತ್ತಿರ ಅವನ ಕೈ ನಿಂತಿತು. ಅದರ ಕೆಳಗೆ ಹೆಸರುಗಳು ಇನ್ನೂ ಉದ್ದಕ್ಕೆ ಇದ್ದವು. ಒಂದೊಂದು ಹೆಸರಿನ ಮುಂದೆಯೂ ಒಂದೊಂದು ಮಗುವಿನ ವಯಸ್ಸು ಬರೆದಿತ್ತು. ಗುಮಾಸ್ತ ವ್ಯಾಪಾರಿಯ ಕಡೆ ತಿರುಗಿದ.

“ಒಂದೇ ಒಂದು ಸಲ ಬಂದು ಕೇಳಬಾರದಿತ್ತೇನಪ್ಪಾ?” ಎಂದ. ಅವನ ದನಿ ಅಂಗಲಾಚುವ ಹಾಗಿತ್ತು.

“ಕರೀತೀವಿ ಅಂದಿದ್ರಲ್ಲ ಸ್ವಾಮಿ,” ಎಂದ ವ್ಯಾಪಾರಿ. “ಕರೀಲಿಲ್ಲ ಅಂದ್ರೆ ನನ್ನ ಪಾಳಿ ಬಂದಿಲ್ಲ ಅಂದ್ಕೊಂಡೆ. ನನಗಿಂತ ಮುಂಚೆ ಬಂದೋರೂ ಮಕ್ಕಳೊಂದಿಗರೇ ಅಲ್ವಾ? ಅವರನ್ನ ದಾಟಿ ಬಂದು ಕೇಳೋದು ಹೆಂಗೆ?”

ಗುಮಾಸ್ತ ಅಂದೇ ಖಾಲಿ ಸಾಲಿನ ಕೆಳಗಿದ್ದ ಪ್ರತಿಯೊಂದು ಮನೆಗೂ ಫೋನು ಮಾಡಿದ. ಕೆಲವರ ಮಕ್ಕಳು ಇನ್ನೂ ಚಿಕ್ಕವರಿದ್ದರು. ಅವರು ಬದುಕಿಕೊಂಡರು. ಕೆಲವರ ಮಕ್ಕಳು ಬೆಳೆದುಬಿಟ್ಟಿದ್ದರು. ಅವರಿಗೆ ಅವನು ಏನು ಹೇಳಿದನೋ, ಹೇಗೆ ಹೇಳಿದನೋ, ಅದನ್ನು ಅವನು ಯಾರ ಹತ್ತಿರವೂ ಆಡಲಿಲ್ಲ.

ವ್ಯಾಪಾರಿಯ ಮಗಳಿಗೂ ಶಸ್ತ್ರಚಿಕಿತ್ಸೆ ಆಯಿತು. ಕಿವಿ ಕೇಳಿಸಿತು. ಕರೆದರೆ ತಿರುಗುತ್ತಾಳೆ, ಬಾಗಿಲು ಬಡಿದರೆ ಓಡಿ ಹೋಗಿ ತೆಗೆಯುತ್ತಾಳೆ. ಮಾತು ಮಾತ್ರ ಬರಲಿಲ್ಲ. ವ್ಯಾಪಾರಿ ದಿನವೂ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಪ್ಪ ಅನ್ನು, ಅಪ್ಪ ಅನ್ನು ಎನ್ನುತ್ತಾನೆ. ಮಗು ಅವನ ತುಟಿಯನ್ನೇ ನೋಡಿ ನಗುತ್ತದೆ. ಬಂದೇ ಬರುತ್ತದೆ ಎಂದು ಅವನು ಎಲ್ಲರಿಗೂ ಹೇಳುತ್ತಾನೆ. ಅವನ ಹೆಂಡತಿ ಆ ಹೊತ್ತಿಗೆ ಅಲ್ಲಿ ನಿಲ್ಲುವುದಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಆ ತಂದೆಯನ್ನು ನೆನೆದು ಗುರುಮಲ್ಲನಿಗೆ ಸಂಕಟವಾಯಿತು. ಗುಮಾಸ್ತನ ಮೇಲೆ ಸಿಟ್ಟೂ ಬಂತು. ಆದರೆ ತನ್ನ ಕೆಲಸದ ಮೇಲೆ ಅವನಿಗಿದ್ದ ಧೈರ್ಯಕ್ಕೆ ಏನೂ ಆಗಿರಲಿಲ್ಲ. ಕತೆಯಲ್ಲಿ ಎಡವಿದ ಜಾಗವನ್ನು ಅವನು ಮೊದಲೇ ಕಂಡುಹಿಡಿದಿದ್ದ. ತನ್ನ ಮ್ಯಾಕ್ರೋದಲ್ಲಿ ಆ ತಪ್ಪು ಇರಲಿಲ್ಲ. ಅದು ನಿಜವೇ.

“ಆ ಗುಮಾಸ್ತ ಬರೆದದ್ದೇ ಸರಿಯಿಲ್ಲ ಬುದ್ಧಿ,” ಎಂದ. “ನನ್ನದು ಹಾಗಲ್ಲ. ಮಧ್ಯದಲ್ಲಿ ಎಷ್ಟು ಖಾಲಿ ಸಾಲು ಬಂದರೂ ದಾಟ್ಕೊಂಡು ಹೋಗುತ್ತೆ. ಕೊನೇ ಸಾಲಿನ ತನಕ ಹೋಗದೆ ನಿಲ್ಲೋದೇ ಇಲ್ಲ. ನಾನೇ ಕೂತು ಪರೀಕ್ಷೆ ಮಾಡಿದ್ದೀನಿ.”

ಗುರುಗಳು ತಲೆಯಾಡಿಸಿದರು. ಅವರ ಮುಖದಲ್ಲಿ ಮೆಚ್ಚಿಗೆಯೇ ಇತ್ತು. ಗುರುಮಲ್ಲ ಅಪ್ಪಣೆಗಾಗಿ ಎದ್ದು ಕೈಮುಗಿದು ನಿಂತ.

“ಒಳ್ಳೆಯದು ಮರಿ,” ಎಂದರು ಗುರುಗಳು, “ಈ ವರ್ಷ ಬಾರದೆ ಉಳಿದ ಮಕ್ಕಳಲ್ಲಿ ಒಂದು ಮಗುವಿನ ಹೆಸರು ಹೇಳು.”

ಮುಗಿದ ಕೈ ಹಾಗೆಯೇ ಇತ್ತು. ಗುರುಮಲ್ಲನಿಗೆ ಅವರಲ್ಲಿ ಒಬ್ಬರ ಹೆಸರೂ ಗೊತ್ತಿರಲಿಲ್ಲ.