ಮೊಳೆಗೆ ನೇತುಹಾಕಿದ ಅಚ್ಚು

“ಮೇಡಂ, ಕೀಲಿ ಕೊಡದೆ ಬಿಲ್ಡ್ ನಡೆಸಿದರೆ ಅದು ನಿಂತುಬಿಡಬೇಕೋ, ಮುಂದೆ ಸಾಗಬೇಕೋ?”

ಹೀಗೆ ಕೇಳಿದವಳು ಚಂಪಕಾ. ಕೇಳಿದ್ದು ಕಾಲೇಜಿನಲ್ಲಿ ತನಗೆ ಪಾಠ ಹೇಳಿದ, ಈಗ ನಿವೃತ್ತರಾಗಿರುವ ಅಂಬುಜಾಕ್ಷಿ ಮೇಡಂ ಅವರನ್ನು.

ಚಂಪಕಾ ಕೆಲಸ ಮಾಡುವಲ್ಲಿ, ರೋಗಿಯ ಮೈಗೆ ಹನಿಹನಿಯಾಗಿ ಔಷಧಿ ಇಳಿಸುವ ಪಂಪು ತಯಾರಾಗುತ್ತಿತ್ತು. ಎಷ್ಟು ಹನಿ ಎಂದು ನಿರ್ಧರಿಸುವುದು ಪಂಪಿನೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್. ಅದರಲ್ಲಿ ಒಂದು ಅಂಕಿ ಬದಲಾದರೂ ಜೀವಕ್ಕೆ ಅಪಾಯ. ಹೊರಗಿನವರು ಅದನ್ನು ತಿದ್ದದಂತೆ ಗೂಢಲಿಪಿಗೆ ತಿರುಗಿಸುವ ಸಲಕರಣೆಯೊಂದನ್ನು ಅವಳು ಬರೆದಿದ್ದಳು. ಆ ಸಲಕರಣೆಯನ್ನು ಯಾರ ಕಂಪ್ಯೂಟರಿನಲ್ಲಾದರೂ ಒಂದೇ ಆಜ್ಞೆಗೆ ಕಟ್ಟಿಕೊಡುವ ಬಿಲ್ಡ್ ವ್ಯವಸ್ಥೆಯನ್ನು ಹೊಂದಿಸುವುದೂ ಅವಳ ಪಾಲಿನದೇ. ಗೂಢಲಿಪಿಗೆ ಬೇಕಾದ ಗುಟ್ಟಿನ ಅಂಕಿಸಾಲೇ ಕೀಲಿ; ಪ್ರತಿ ಆಸ್ಪತ್ರೆಗೂ ಬೇರೆ ಬೇರೆ. ಕೀಲಿ ಕೊಡದಿದ್ದರೆ ಬಿಲ್ಡ್ ಕೆಂಪಕ್ಷರ ತೋರಿಸಿ ನಿಲ್ಲುತ್ತಿತ್ತು.

“ನಿನ್ನ ಬಿಲ್ಡು ಮುಟ್ಟಿದರೆ ಮುನಿ ಕಣೇ,” ಎಂದು ಜೊತೆಯವರು ಆಡಿಕೊಂಡರು. ಪಂಪುಗಳು ಸೋಮವಾರ ಹೊರಡಬೇಕಿತ್ತು.

ಇಷ್ಟನ್ನೂ ಚಂಪಕಾ ಹೇಳಿದಳು. ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ. ಪರೀಕ್ಷೆಗೆಂದು ತಾನೇ ಮಾಡಿಕೊಂಡಿದ್ದ ಕೀಲಿಯನ್ನು ಹಿಂದಿನ ದಿನ ಅವಳು ಬಿಲ್ಡಿನೊಳಗೇ ಬರೆದುಬಿಟ್ಟಿದ್ದಳು. ಯಾರಾದರೂ ಕೀಲಿ ಕೊಡಲು ಮರೆತರೆ ಅದೇ ಸೇರಿಕೊಳ್ಳುತ್ತಿತ್ತು. ಆಮೇಲೆ ಬಿಲ್ಡ್ ಒಮ್ಮೆಯೂ ನಿಂತಿರಲಿಲ್ಲ. ಎಲ್ಲರೂ ಭೇಷ್ ಎಂದಿದ್ದರು. ಅವಳಿಗೆ ಮಾತ್ರ ಊಟ ರುಚಿಸಿರಲಿಲ್ಲ.

ಮೇಡಂ ಕನ್ನಡಕ ತೆಗೆದಿಟ್ಟು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೀಗ ಮಾಡುವವನಿದ್ದ. ಅವನಲ್ಲಿ ಒಂದು ಪದ್ಧತಿಯಿತ್ತು. ಬೀಗ ಬೇಕಾದವರು ಒಂದು ಮರದ ಚೂರಿನ ಅಂಚಿನಲ್ಲಿ ತಮಗೆ ತೋಚಿದಂತೆ ಹಲ್ಲು ಕೆತ್ತಿ ತರಬೇಕು. ಅದೇ ಅಚ್ಚು. ಅದಕ್ಕೆ ಸರಿಯಾಗಿ ಕೀಲಿಕೈಯನ್ನೂ ಬೀಗವನ್ನೂ ಮಾಡಿ, ಅಚ್ಚನ್ನು ಅವರ ಕಣ್ಣೆದುರಿಗೇ ಕುಲುಮೆಗೆ ಹಾಕುತ್ತಿದ್ದ. ಬೀಗ ಮಾಡುವ ರೀತಿಯನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ. ಬೇಕಾದವರು ಕಟ್ಟೆಯ ಮೇಲೆ ಕೂತು ನೋಡಬಹುದಿತ್ತು. ಆದರೆ ಅಚ್ಚು ತರದವರಿಗೆ ಅವನು ಕುಲುಮೆ ಹಚ್ಚುತ್ತಿರಲಿಲ್ಲ.

ಒಮ್ಮೆ ಹೊಸ ಕುಲುಮೆ ಕಟ್ಟಿದ. ಅದರ ಹದ ನೋಡಲು ತಾನೇ ಒಂದು ಅಚ್ಚು ಕೆತ್ತಿದ. ಕೆಲಸ ಮುಗಿದ ಮೇಲೆ ಸುಡಬೇಕಿತ್ತು. ಮತ್ತೆ ಬೇಕಾದೀತೆಂದು ಗೋಡೆಯ ಮೊಳೆಗೆ ನೇತುಹಾಕಿದ.

ಆ ವರ್ಷ ಒಬ್ಬ ವರ್ತಕ ಹೊಸ ಕೇರಿಯೊಂದನ್ನು ಕಟ್ಟಿಸಿದ. ಮನೆಗಳೆಲ್ಲ ಒಂದೇ ತೆರನಾಗಿದ್ದವು. ಎಲ್ಲ ಬಾಗಿಲಿಗೂ ಬೀಗ ಬೇಕೆಂದ. ಬೀಗದವನು ಅಚ್ಚು ಕೇಳಿದ.

“ಒಕ್ಕಲು ಯಾರೆಂದೇ ಇನ್ನೂ ಗೊತ್ತಿಲ್ಲ, ಅಚ್ಚು ಎಲ್ಲಿಂದ ತರಲಯ್ಯ? ನೀನು ಬೀಗ ಮಾಡುವವನೋ, ನೆಪ ಮಾಡುವವನೋ?”

ಸುತ್ತ ನಿಂತವರು ನಕ್ಕರು. ಬೀಗದವನಿಗೆ ನಾಚಿಕೆಯಾಯಿತು. ಮೊಳೆಯ ಕಡೆ ನೋಡಿದ. ಸದ್ಯಕ್ಕೆ ಇದಿರಲಿ, ಒಕ್ಕಲು ಬಂದ ಮೇಲೆ ಬದಲಿಸಿಕೊಟ್ಟರಾಯಿತು ಎಂದುಕೊಂಡ. ಬೀಗಗಳು ಚೆನ್ನಾಗಿಯೇ ಬಂದವು. ಒಕ್ಕಲೂ ಬಂದರು. ಬಾಗಿಲು ಹಾಕಿದರು, ತೆಗೆದರು. ಬದಲಿಸುವ ಮಾತು ಅವನಿಗೆ ಮರೆತೇಹೋಯಿತು.

ಒಂದು ಸಂಜೆ ಒಬ್ಬ ನೇಕಾರ ದಣಿದು ಬಂದ. ಬೀಗ ತೆಗೆದು, ಗಡಿಗೆಯಲ್ಲಿದ್ದ ಮಜ್ಜಿಗೆ ಕುಡಿದು, ಮಂಚದ ಮೇಲೆ ಮಲಗಿದ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ಕೂಗಿದಳು.

“ಯಾರೋ ನೀನು, ನನ್ನ ಮಂಚದ ಮೇಲೆ?”

“ನನ್ನ ಮನೆಗೆ ಬಂದು ನನ್ನನ್ನೇ ಕೇಳುತ್ತೀಯಲ್ಲ ತಾಯಿ!”

“ನಿನ್ನ ಮನೆಯೋ? ಹಾಗಾದರೆ ಆ ಹಗ್ಗದ ಮೇಲಿರುವ ಸೀರೆ ಉಡುವವನೂ ನೀನೇನೋ?”

ನೇಕಾರ ಸೀರೆ ನೋಡಿದ. ಅವನು ಹೊಕ್ಕದ್ದು ಪಕ್ಕದ ಮನೆ. ಕೀಲಿಕೈ ಮಾತ್ರ ಅವನದೇ.

ಕೇರಿಯವರು ಸೇರಿದರು. ಒಬ್ಬರ ಕೀಲಿಕೈಯನ್ನು ಇನ್ನೊಬ್ಬರ ಬೀಗಕ್ಕೆ ಹಾಕಿ ತಿರುಗಿಸಿದರು. ಎಲ್ಲವೂ ತೆರೆದುಕೊಂಡವು. ಮೊದಲು ನಕ್ಕರು. ಆಮೇಲೆ ತಮ್ಮ ತಮ್ಮ ಬಾಗಿಲಿನ ಕಡೆ ತಿರುಗಿ ನೋಡಿದರು. ಆಗ ಯಾರೂ ನಗಲಿಲ್ಲ.

ಸುದ್ದಿ ಬೀಗದವನಿಗೆ ಮುಟ್ಟಿತು. ಅವನು ಊರು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಮೊಳೆಯಲ್ಲಿದ್ದ ಅಚ್ಚನ್ನು ಕೇರಿಗೆ ತಂದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, “ಇದೊಂದರಿಂದಲೇ ಎಲ್ಲ ಮಾಡಿದೆ,” ಎಂದ. ಅಲ್ಲೇ ಸುಟ್ಟ. ಅಂಗಡಿಗೆ ಹೋಗಿ ಮೊಳೆಯನ್ನೂ ಕಿತ್ತ. ಮನೆಮನೆಯವರು ಜಗಲಿಯ ಮೇಲೆ ಕೂತು ಅಚ್ಚು ಕೆತ್ತಿದರು. ಹೊಸ ಬೀಗಗಳು ಬಂದವು. ಗುರುತಿಲ್ಲದೆ ಇದ್ದ ಕೇರಿಯಲ್ಲಿ ಆ ನೆಪದಿಂದ ಒಬ್ಬರ ಗುರುತು ಒಬ್ಬರಿಗಾಯಿತು. ಆ ಹೆಂಗಸು ನೇಕಾರನನ್ನು ಕಂಡಾಗಲೆಲ್ಲ, “ಮಜ್ಜಿಗೆ ಬೇಕಾದರೆ ಬಾಗಿಲು ತಟ್ಟಪ್ಪ,” ಎನ್ನುತ್ತಿದ್ದಳು.

ಕೆಲವು ಕಾಲದ ಮೇಲೆ ವರ್ತಕ ಇನ್ನೊಂದು ಕೇರಿ ಕಟ್ಟಿಸಿ, ಮತ್ತೆ ಬರಿಗೈಯಲ್ಲಿ ಬಂದ. “ಕುಲುಮೆ ತಣ್ಣಗಿದೆ, ಅಂಗಡಿ ಮುಚ್ಚಿದೆಯೇನಯ್ಯ?” ಎಂದ. ಬೀಗದವನು ಅವನ ಕೈಗೆ ಮನೆಗೊಂದರಂತೆ ಮರದ ಚೂರುಗಳನ್ನೂ ಒಂದು ಚಾಕುವನ್ನೂ ಕೊಟ್ಟು, ಕಟ್ಟೆಯ ಮೇಲೆ ಜಾಗ ಬಿಟ್ಟ. ವರ್ತಕ ಗೊಣಗುತ್ತಲೇ ಕೆತ್ತಲು ಕೂತ. ಕುಲುಮೆ ಹೊತ್ತಿಕೊಂಡಿತು.

ಮೇಡಂ ಕತೆ ನಿಲ್ಲಿಸಿದರು. ಚಂಪಕಾ ನೆಲ ನೋಡುತ್ತ ಕೇಳಿದಳು: “ಗೊತ್ತಾಗುವ ಮೊದಲೇ ಆ ಕೇರಿಗೆ ಕಳ್ಳ ಬಂದಿದ್ದರೆ, ಮೇಡಂ?”

“ನಿಮ್ಮ ಪಂಪುಗಳು ಹೊರಡುವುದು ಸೋಮವಾರವಲ್ಲವೇ? ಇನ್ನೂ ಹೊತ್ತಿದೆ. ನಿನ್ನ ಮೊಳೆ ಬಿಲ್ಡಿನ ಯಾವ ಸಾಲಿನಲ್ಲಿದೆ ಹೇಳು.”

ಚಂಪಕಾ ಚೀಲಕ್ಕೆ ಕೈಹಾಕಿದಳು. ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಕೀಲಿ ಬರೆದಿದ್ದ ಸಾಲನ್ನು ಹುಡುಕತೊಡಗಿದಳು.