ಸಪಾಟು ನೆಲದಲ್ಲಿ ನಿಂತ ಲಾರಿ

ಹೊಳೆದಂಡೆಯ ಮೇಲೊಂದು ಸಣ್ಣ ಮಠ. ಆ ಮಠಕ್ಕೊಂದು ಮುದಿ ಲಾರಿ. ಅದನ್ನು ಓಡಿಸುತ್ತಿದ್ದ ಶಿಷ್ಯನ ಹೆಸರು ಅಡಿವೆಪ್ಪ. ಸುಗ್ಗಿ ಬಂದಾಗ ಊರೂರು ಸುತ್ತಿ, ಭಕ್ತರು ಕೊಟ್ಟ ಜೋಳವನ್ನು ದಾಸೋಹಕ್ಕೆ ತರುವುದು ಅವನ ಸೇವೆ.

ಲಾರಿಗೆ ಒಂದು ರೋಗವಿತ್ತು. ಕೀಲಿ ತಿರುವಿದರೆ ಏಳುತ್ತಿರಲಿಲ್ಲ. ಎಂಜಿನ್ನನ್ನು ಎಬ್ಬಿಸುವ ಮೋಟರಿಗೆ ಲಾರಿಯವರು ಸೆಲ್ಫ್ ಅನ್ನುತ್ತಾರೆ. ಆ ಸೆಲ್ಫ್ ಒಮ್ಮೆ ಟಕ್ ಅಂದು ಸುಮ್ಮನಾಗಿಬಿಡುತ್ತಿತ್ತು.

ಅಡಿವೆಪ್ಪ ಅದಕ್ಕೊಂದು ಉಪಾಯ ಕಂಡುಕೊಂಡಿದ್ದ. ಲಾರಿಯನ್ನು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದ. ಬ್ರೇಕ್ ಬಿಟ್ಟರೆ ಅದು ತಾನಾಗಿ ಉರುಳುತ್ತಿತ್ತು, ಗೇರಿಗೆ ಹಾಕಿದರೆ ಕೆಮ್ಮಿಕೊಂಡು ಏಳುತ್ತಿತ್ತು. ಇಳಿಜಾರಿಲ್ಲದ ಊರಿನಲ್ಲಿ ಎಂಜಿನ್ ಆರಿಸುತ್ತಲೇ ಇರಲಿಲ್ಲ. ಮಠದ ಮುಂದಿನ ದಿಬ್ಬವಂತೂ ಅವನ ಸ್ವಂತ ಆಸ್ತಿಯಾಗಿಹೋಗಿತ್ತು. ಅಲ್ಲಿ ಯಾರಾದರೂ ಚಕ್ಕಡಿ ಬಿಟ್ಟರೆ ಜಗಳಕ್ಕೇ ನಿಲ್ಲುತ್ತಿದ್ದ.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಒಂದು ಸಂಜೆ ಅವರು ದಿಬ್ಬದ ಬಳಿ ಬಂದರು.

"ಅಡಿವೆಪ್ಪಾ, ಇದನ್ನ ಯಾಕ ರಿಪೇರಿ ಮಾಡವಲ್ಲಿ?"

"ಸೆಲ್ಫ್ ಸುಟ್ಟೈತ್ರಿ ಅಜ್ಜಾರ. ದೊಡ್ಡ ಕೆಲಸ."

"ಬಿಚ್ಚಿ ನೋಡಿದೇನು?"

"ಇಲ್ರಿ."

"ಮತ್ತ ದೊಡ್ಡದು ಅಂತ ಹೆಂಗ ಗೊತ್ತಾತು?"

ಅಡಿವೆಪ್ಪ ಅರಿವೆ ತಗೊಂಡು, ಆಗಲೇ ಸ್ವಚ್ಛವಾಗಿದ್ದ ಮುಂದಿನ ಗಾಜನ್ನು ಮತ್ತೆ ಒರೆಸತೊಡಗಿದ.

ಅಜ್ಜಾರು ಬೆನ್ನು ಹತ್ತಲಿಲ್ಲ. "ನಾಳೆ ನಾನೂ ಬರ್ತೀನಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಅಡಿವೆಪ್ಪನ ಕೈಯ ಅರಿವೆ ಗಾಜಿನ ಮೇಲೇ ನಿಂತಿತು. ನಾಳೆ ಹೋಗಬೇಕಾದದ್ದು ಅವನ ಅಕ್ಕ ಕಾಶವ್ವನ ಊರಿಗೆ.

ಅದು ಎರೆಭೂಮಿಯ ಊರು, ಅಂಗೈಯಂತೆ ಸಪಾಟು. ಕೆಲವು ವರ್ಷಗಳ ಹಿಂದೆ, ಸೆಲ್ಫ್ ಆಗೊಮ್ಮೆ ಈಗೊಮ್ಮೆ ಮಾತ್ರ ಕೈಕೊಡುತ್ತಿದ್ದ ಕಾಲದಲ್ಲಿ, ಅಕ್ಕನ ಮನೆ ಮುಂದೆ ಲಾರಿ ಆರಿಸಿ ಅವನು ಊಟಕ್ಕೆ ಕೂತಿದ್ದ. ಎದುರಿಗೆ ಕೂತು ಉಣ್ಣುತ್ತಿದ್ದ ಅಕ್ಕನ ಗಂಡ ಎದೆ ಹಿಡಿದುಕೊಂಡು ಅಲ್ಲೇ ವಾಲಿದ. ಎತ್ತಿ ಲಾರಿಯಲ್ಲಿ ಮಲಗಿಸಿದರು. ಅಡಿವೆಪ್ಪ ಕೀಲಿ ತಿರುವಿದ. ಟಕ್. ಇನ್ನೊಮ್ಮೆ ತಿರುವಿದ. ಟಕ್. ಗಂಡಸರೆಲ್ಲ ಹೊಲದಲ್ಲಿದ್ದರು. ಓಣಿಯ ಹೆಂಗಸರೇ ಸೀರೆ ಎತ್ತಿ ಕಟ್ಟಿ ನೂಕಿದರು. ಲಾರಿ ಏಳುವ ಹೊತ್ತಿಗೆ ಅಕ್ಕನ ಗಂಡನ ಉಸಿರು ನಿಂತಿತ್ತು.

ಅಂದಿನಿಂದ ಅವನು ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಪ್ರತಿ ಸುಗ್ಗಿಗೂ ಹೋಗುತ್ತಿದ್ದ, ಎಂಜಿನ್ ಆರಿಸದೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಅಕ್ಕ ಜೋಳದ ಚೀಲ ಹಿಂದೆ ಹಾಕಿಸಿ, ಸುತ್ತಿ ಮುಂದೆ ಬಂದು, "ಇಳಿಯೋ ತಮ್ಮಾ, ಒಂದ್ ತುತ್ತು ಉಂಡು ಹೋಗು" ಎಂದು ಕೂಗುತ್ತಿದ್ದಳು. ಅವನು ಗದ್ದಲದಲ್ಲಿ ಕೇಳಿಸದವನಂತೆ ನಟಿಸಿ ಹೊರಟುಬಿಡುತ್ತಿದ್ದ. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು.

ಸೆಲ್ಫ್ ಬಿಚ್ಚದೆ ಇದ್ದದ್ದೂ ಅದಕ್ಕೇ. ರೋಗ ದೊಡ್ಡದಿದ್ದರೆ, ಅದು ತನ್ನ ಕೈ ಮೀರಿದ್ದು ಎನ್ನಬಹುದಿತ್ತು. ಸಣ್ಣದಿದ್ದರೆ? ಆ ಯೋಚನೆ ಬಂದರೆ ಸಾಕು, ಅವನು ಅರಿವೆ ಹಿಡಿದು ಗಾಜು ಒರೆಸಲು ನಿಲ್ಲುತ್ತಿದ್ದ.

ಮರುದಿನ ಅಜ್ಜಾರು ಅವನ ಪಕ್ಕದಲ್ಲೇ ಕೂತು ಹೊರಟರು.

ಕಾಶವ್ವ ಬಾಗಿಲಲ್ಲೇ ಕಾದಿದ್ದಳು. ಚೀಲ ಹಾಕಿಸಿದಳು. ಅಜ್ಜಾರಿಗೆ ನಿಂತಲ್ಲೇ ಕೈಮುಗಿದು, ತಮ್ಮನ ಕಡೆ ತಿರುಗಿ ಎಂದಿನಂತೆ ಕೂಗಿದಳು. ಅಡಿವೆಪ್ಪ ಎಂದಿನಂತೆ ಗೇರಿಗೆ ಕೈ ಹಾಕಿದ.

ಅಜ್ಜಾರು ಮುಂದೆ ಬಾಗಿ, ಎಂಜಿನ್ ಆರಿಸುವ ಹಿಡಿಯನ್ನು ಎಳೆದುಬಿಟ್ಟರು.

ಲಾರಿ ಒಮ್ಮೆ ಮೈ ಕೊಡವಿ ನಿಂತಿತು. ಓಣಿಯಲ್ಲಿ ಯಾರದೋ ಮನೆಯ ಕೋಳಿ ಕೂಗುವುದೂ ಕೇಳತೊಡಗಿತು.

"ಅಜ್ಜಾರ! ಏನ್ ಮಾಡಿದ್ರಿ? ಇದು ಸಪಾಟ ಜಾಗಾ ರೀ!"

"ಹೌದಲ್ಲ. ಕುಂದರಾಕ ಚೊಲೋ ಐತಿ" ಎಂದು ಅಜ್ಜಾರು ಕೆಳಗಿಳಿದು ಮನೆ ಮುಂದಿನ ಕಟ್ಟೆಯ ಮೇಲೆ ಕೂತರು.

ಕಾಶವ್ವ ಲಾರಿಯ ಹತ್ತಿರ ಬಂದಳು. "ಈಗರ ಕೇಳಸ್ತೇನೋ ತಮ್ಮಾ?"

ಅಡಿವೆಪ್ಪ ಸ್ಟೀರಿಂಗ್ ಹಿಡಿದೇ ಕೂತಿದ್ದ. "ಕೇಳಸ್ತಬೇ ಅಕ್ಕಾ" ಎಂದ. ತಲೆ ಎತ್ತಲಿಲ್ಲ. ಕೀಲಿ ತಿರುವಿದ. ಟಕ್.

"ಮಂದೀನ ಕರೀತೀನ್ರಿ ಅಜ್ಜಾರ, ನೂಕಸೂಣು."

"ನೂಕೂದು ಬ್ಯಾಡ. ಇವತ್ತ ಬಿಚ್ಚಿ ನೋಡು."

ಬೇರೆ ದಾರಿ ಇರಲಿಲ್ಲ. ಅಡಿವೆಪ್ಪ ಬೋಲ್ಟು ಬಿಚ್ಚುವ ಪಾನಾ ಹಿಡಿದು ಲಾರಿಯ ಕೆಳಗೆ ನುಸುಳಿದ. ಸೆಲ್ಫ್ ಇಳಿಸಿ ಬಿಚ್ಚಿದ. ಸುಟ್ಟ ವಾಸನೆ ಇರಲಿಲ್ಲ. ಒಳಗಿನ ಕಾರ್ಬನ್ ಬ್ರಷ್ಷುಗಳು ಸವೆಯದೆ ಇನ್ನೂ ಉದ್ದವಾಗಿದ್ದವು. ಧೂಳು ಒರೆಸಿ ಮತ್ತೆ ಕೂರಿಸಿದ. ಟಕ್. ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ಕೇಬಲ್ಲನ್ನು ಬಿಚ್ಚಿ, ಉಜ್ಜಿ, ಬಿಗಿದ. ಟಕ್. ಹೆಡ್‌ಲೈಟ್ ಹಾಕಿದರೆ ಉರಿಯುತ್ತಿತ್ತು, ಸೆಲ್ಫ್ ಹೊಡೆದ ಕೂಡಲೇ ಮಂಕಾಗುತ್ತಿತ್ತು. ಬಿಸಿಲು ನೆತ್ತಿಗೆ ಬಂತು.

"ನನ್ನ ಕೈಲೆ ಆಗೂದಲ್ರಿ ಅಜ್ಜಾರ. ಗ್ಯಾರೇಜಿಗೆ ಹಾಕಬೇಕು."

"ಬ್ಯಾಟರಿಗೆ ಎಷ್ಟು ಕೇಬಲ್ ಅದಾವು?"

"ಎರಡು."

"ನೀ ನೋಡಿದ್ದು?"

"ಒಂದು. ಸೆಲ್ಫಿಗೆ ಕರೆಂಟ್ ಒಯ್ಯೂದು ಅದ ರೀ. ಇನ್ನೊಂದು ಸುಮ್ನ ಚಾಸಿಗೆ ಬಿಗದೈತಿ. ಹೋದ ಕರೆಂಟ್ ವಾಪಸ್ ಬರೂ ದಾರಿ, ಅಷ್ಟ."

"ವಾಪಸ್ ಬರೂ ದಾರೀನ ಕೆಟ್ಟಿದ್ರ?"

ಅಡಿವೆಪ್ಪ ಆ ಕೇಬಲ್ಲಿನ ಕಡೆ ತಿರುಗಿದ. ಬೆಳಿಗ್ಗೆಯಿಂದ ಅವನ ಕೈ ಅತ್ತ ಹೋಗಿಯೇ ಇರಲಿಲ್ಲ. ಮತ್ತೆ ಲಾರಿಯ ಕೆಳಗೆ ಅಂಗಾತ ಮಲಗಿದ. ಕೇಬಲ್ ಲಾರಿಯ ಕಬ್ಬಿಣದ ಚೌಕಟ್ಟಾದ ಚಾಸಿಗೆ ಸೇರುವಲ್ಲಿ ವರ್ಷಗಳ ಕೆಸರು ಒಣಗಿ ಕೂತಿತ್ತು. ಬೆರಳಿನಿಂದ ಕೆದರಿದ. ಒಳಗೆ ಹಸಿರು-ಬಿಳಿ ಉಪ್ಪು ಗಂಟುಗಟ್ಟಿತ್ತು. ಹಿಡಿದು ಅಲುಗಿಸಿದರೆ ತಂತಿಯ ಎಳೆಗಳು ಪುಡಿಪುಡಿಯಾಗಿ ಅವನ ಮುಖದ ಮೇಲೆ ಉದುರಿದವು.

ಅವನು ಮುಖ ಒರೆಸಿಕೊಂಡು, ಕೊಳೆತದ್ದು ಎಲ್ಲಿಯವರೆಗಿದೆ ಎಂದು ಬೆರಳಾಡಿಸಿ ನೋಡಿದ.

"ಏನರ ಬೇಕೇನೋ?" ಕಾಶವ್ವ ಬಗ್ಗಿ ಕೇಳಿದಳು.

"ಬಿಸಿನೀರು ಬೇಕಾಗಿತ್ತಬೇ. ಅದಕ್ಕ ಭಜಿಗೆ ಹಾಕೂ ಸೋಡಾ ಒಂದ್ ಚಮಚಿ."

ಅವಳು ತಂಬಿಗೆಯಲ್ಲಿ ತಂದಳು. ಅಡಿವೆಪ್ಪ ಕೊಳೆತ ತುದಿಯನ್ನು ಕತ್ತರಿಸಿ, ಬ್ಯಾಟರಿಯ ತಲೆಗೂ ಕೇಬಲ್ಲಿಗೂ ಸೋಡಾ ನೀರು ಹೊಯ್ದ. ಬುಸುಬುಸು ನೊರೆ ಎದ್ದು, ಉಪ್ಪೆಲ್ಲ ಕರಗಿ, ಲೋಹದ ಬಣ್ಣ ಕಂಡಿತು. ಚಾಕುವಿನಿಂದ ಕೆರೆದು, ತುದಿಯನ್ನು ಬೋಲ್ಟಿಗೆ ಸುತ್ತಿ ಬಿಗಿಯತೊಡಗಿದ.

ಕಾಶವ್ವ ಕತ್ತರಿಸಿ ಬಿದ್ದ ತುಂಡನ್ನು ಎತ್ತಿಕೊಂಡಳು. ಅದು ಗೇಣುದ್ದವೂ ಇರಲಿಲ್ಲ.

"ಅವತ್ತ ಏಳಲಾರದ್ದು ಇದಕ್ಕೇನು?"

ಸುಳ್ಳು ಹೇಳಬಹುದಿತ್ತು. ಸೆಲ್ಫೇ ಸುಟ್ಟಿತ್ತು ಎಂದರೆ ಅವಳಿಗೇನು ಗೊತ್ತಾಗುತ್ತಿತ್ತು? ಅಡಿವೆಪ್ಪ ಕಟ್ಟೆಯ ಕಡೆ ನೋಡಿದ. ಅಜ್ಜಾರು ಕಣ್ಣು ಮುಚ್ಚಿ ಕೂತಿದ್ದರು.

"ಹೌದಬೇ ಅಕ್ಕಾ. ಇದಕ್ಕ."

"ಇಷ್ಟ?"

"ಇಷ್ಟ."

"ಬಿಸಿನೀರು, ಸೋಡಾ. ಅವತ್ತೂ ಮನ್ಯಾಗ ಇದ್ದುವಲ್ಲೋ."

"ನಾ ಮೊದಲ ನೋಡಬೇಕಾಗಿತ್ತು. ನೋಡ್ಲಿಲ್ಲ. ಆಮ್ಯಾಲೆ ನೋಡಾಕ ಧೈರ್ಯ ಆಗ್ಲಿಲ್ಲ."

ಅವಳ ಕೈಯಿಂದ ಆ ತುಂಡು ಜಾರಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಅಳು ಕೇಳಿತು. ಇಷ್ಟು ವರ್ಷ ಎಲ್ಲಿ ಹಿಡಿದಿಟ್ಟಿದ್ದಳೋ, ಅಂಥ ಅಳು. ಅಡಿವೆಪ್ಪನಿಗೂ ಕಣ್ಣು ಮಂಜಾಗಿ ಬೋಲ್ಟೇ ಕಾಣದಾಯಿತು. ಕೈ ತಡಕಾಡಿಕೊಂಡೇ ಬಿಗಿದು ಮುಗಿಸಿದ.

ಹತ್ತಿ ಕೂತು ಕೀಲಿ ತಿರುವಿದ. ಲಾರಿ ಒಂದೇ ಹೊಡೆತಕ್ಕೆ ಎದ್ದಿತು. ಇದೇ ಸದ್ದಿಗೆ ಅವನು ಅಂದು ಯಾವ್ಯಾವ ದೇವರಿಗೆ ಹರಕೆ ಹೊತ್ತಿರಲಿಲ್ಲ! ಇಂದು ಅದು ಅವನ ಎದೆಯನ್ನೇ ಇರಿಯಿತು.

"ಹತ್ರಿ ಅಜ್ಜಾರ, ಹೋಗೂಣು. ಅಕಿಗೆ ನಾ ಹೆಂಗ ಮಾರಿ ತೋರಸಲಿ?"

ಅಜ್ಜಾರು ಕಟ್ಟೆಯಿಂದ ಏಳಲಿಲ್ಲ. "ಬಾಗಲಾ ಹಾಕ್ಯಾಳೇನು ನೋಡು."

ಅಡಿವೆಪ್ಪ ನೋಡಿದ. ಬಾಗಿಲು ತೆರೆದೇ ಇತ್ತು. ಕಾಶವ್ವ ಮುಖ ಒರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದು ನಿಂತಿದ್ದಳು. ಅವನನ್ನೇ ನೋಡಿ ಏನೋ ಅಂದಳು. ಎಂಜಿನ್ನಿನ ಸದ್ದಿನಲ್ಲಿ ತುಟಿ ಆಡಿದ್ದಷ್ಟೇ ಕಂಡಿತು. ಬೈದಳೋ, ಕರೆದಳೋ, ಇನ್ನು ಬರಬೇಡ ಅಂದಳೋ ತಿಳಿಯಲಿಲ್ಲ.

"ಅಜ್ಜಾರ, ಅಕಿ ಏನಂದ್ಳ್ರಿ?"

"ಗಾಡಿ ಇನ್ನ ಯಾವಾಗ ಬೇಕಾದರೂ ಶುರು ಆಗ್ತೈತಿ. ಬಂದ್ ಮಾಡಿ, ಇಳದು, ಅಕಿನ್ನ ಕೇಳು."