ಸುಳ್ಳುಪಾರೆಗೆ ಆ ಹೆಸರು ಬಂದದ್ದು

ಕುಂದಾಪುರದ ಬಡಗು ತೀರದ ಅಳಿವೆಬೈಲಿನಲ್ಲಿ ಕಡಲಿಗೆ ಮೂಗು ಚಾಚಿ ನಿಂತ ಕರಿಬಂಡೆಯೊಂದಿದೆ. ಕೆಳಗೆ ಬಾಗಿದ ಕೊಲ್ಲಿ. ಸಂಜೆ ಅಲ್ಲಿ ಕುಳಿತವರಿಗೆ ಕಡಲೇ ನಿದ್ದೆಯಲ್ಲಿ ಉಸಿರಾಡುತ್ತಿರುವಂತೆ ತೋರಿ, ಮನೆಯ ದಾರಿ ಮರೆತುಹೋಗುತ್ತದೆ. ಇಷ್ಟು ಚೆಂದದ ಜಾಗಕ್ಕೆ ಸುಳ್ಳುಪಾರೆ ಎಂದು ಹೆಸರಿಟ್ಟವರಾರು ಎಂದು ಬಂದವರೆಲ್ಲ ಕೇಳುತ್ತಾರೆ. ಇಟ್ಟವರು ಊರವರೇ, ಅದೂ ಅಭಿಮಾನದಿಂದ.

ಹಿಂದೆ ಒಮ್ಮೆ, ರಂಪಣಿ ಬಲೆಯ ಕಾಲದಲ್ಲಿ, ಆ ಬಂಡೆಯ ಮೇಲೆ ಹೆರಿಯಜ್ಜ ಎಂಬ ಮೊಗವೀರ ಮುದುಕ ಕೂರುತ್ತಿದ್ದನಂತೆ. ನೀರಿನ ಬಣ್ಣ ನೋಡಿ ಮೀನಿನ ಹಿಂಡು ಗುರುತಿಸುವುದು ಅವನ ಕೆಲಸ. ಅವನು ಬಿಳಿ ವಸ್ತ್ರ ಬೀಸಿದರೆ ದೋಣಿಗಳು ಹೊರಟು ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಬಲೆ ಬಿಡುತ್ತಿದ್ದವು. ಊರಿಗೆ ಊರೇ ಹಗ್ಗ ಹಿಡಿದು ದಡಕ್ಕೆಳೆಯುತ್ತಿತ್ತು. ಹುಟ್ಟು ಹಾಕುವ ತೋಳು ಅವನಿಗೆ ಎಂದೋ ಸೋತಿತ್ತು. ಕಣ್ಣು ಮತ್ತು ಮಾತು, ಇವೆರಡರ ಮೇಲೆಯೇ ಅವನ ಅನ್ನ. ಒಮ್ಮೆ ಮಾತು ತಪ್ಪಿದರೆ ಆ ಜಾಗ ಇನ್ನೊಬ್ಬನದು.

ಆ ವರ್ಷ ಮಳೆಗಾಲ ಮುಗಿಯುವ ಲಕ್ಷಣವೇ ಇರಲಿಲ್ಲ ಎನ್ನುತ್ತಾರೆ. ಬಲೆಗಳು ಮತ್ತೆ ಕಡಲಿಗಿಳಿಯುವ ನೂಲಹುಣ್ಣಿಮೆಯ ಕಡಲಪೂಜೆ ಮುಗಿದ ಮರುದಿನ, ಅಕ್ಕಿಯ ಮಡಕೆ ಬರಿದಾಗುತ್ತ ಬಂದ ಊರು ದಡದಲ್ಲಿ ನಿಂತು ಬಂಡೆಯತ್ತಲೇ ನೋಡುತ್ತಿತ್ತು. ಬಿಸಿಲು ಹಬ್ಬಿದಾಗ ಕೊಲ್ಲಿಯ ತುಂಬ ಬೈಗೆ ಮೀನು, ನೀರೇ ಕೆಂಪಾಗಿ ಕಾಣುವಷ್ಟು. ಹೆರಿಯಜ್ಜ ವಸ್ತ್ರ ಎತ್ತಿದ. ಅಷ್ಟರಲ್ಲಿ ಆ ಕೆಂಪಿನ ನಡುವಿನಿಂದ ತಿಮಿಂಗಿಲವೊಂದು ಮೇಲೆದ್ದಿತು. ಮೀನನ್ನೂ ನೀರನ್ನೂ ಒಟ್ಟಿಗೆ ಬಾಯಲ್ಲಿ ತುಂಬಿಕೊಂಡು, ನೀರನ್ನು ಸೋಸಿ ಬಿಟ್ಟು, ಮೆಲ್ಲನೆ ಮುಳುಗಿತು. ಮಗ್ಗುಲಿಗೆ ಅಂಟಿಕೊಂಡು ಒಂದು ಮರಿ. ಇಬ್ಬರ ಉಸಿರೂ ಬಿಸಿಲಿನಲ್ಲಿ ಬಣ್ಣಬಣ್ಣದ ಹನಿಯಾಗಿ ಉದುರುತ್ತಿತ್ತು. ಯಾವುದೋ ಕಡಲಿನಿಂದ ಬಂದು ಇನ್ನೆಲ್ಲಿಗೋ ಹೊರಟ ಬಾಣಂತಿ ದಾರಿಯಲ್ಲಿ ಊಟಕ್ಕೆ ಕುಳಿತಿದ್ದಾಳೆ ಎನಿಸಿತು ಮುದುಕನಿಗೆ. ಹರೆಯದಲ್ಲಿ ಅವನು ರಂಪಣಿಗೆ ಸಿಕ್ಕಿ ಸತ್ತ ಮರಿಯನ್ನೂ, ಮೂರು ದಿನ ಕೊಲ್ಲಿಯ ಹೊರಗೆ ಸುತ್ತಿದ ಅದರ ತಾಯಿಯನ್ನೂ ಕಂಡಿದ್ದ. ಉಣ್ಣುವವರನ್ನು ಎಲೆಯ ಮುಂದಿನಿಂದ ಎಬ್ಬಿಸಬಾರದು. ಆದರೆ ಕೆಳಗೆ ನಿಂತವರೂ ಹಸಿದವರೇ. ನಿಜ ಹೇಳಿದರೆ ಆ ಹೊಟ್ಟೆಗಳು ಕೇಳುವುದಿಲ್ಲ. ಅವನು ವಸ್ತ್ರ ಇಳಿಸಿದ.

"ಎಂತ ಕಾಣತ್ತ್ ಅಜ್ಜಯ್ಯ?" ದೋಣಿಗಳ ಯಜಮಾನ ಬಚ್ಚ ತಾಂಡೇಲ ಕೆಳಗಿನಿಂದ ಕೂಗಿದ.

"ಎಂತದೂ ಇಲ್ಲೆ. ನೀರ್ ಖಾಲಿ."

ದೋಣಿಗಳು ಅಲುಗಲಿಲ್ಲ. ತಾಯಿಯೂ ಮರಿಯೂ ಹೊಟ್ಟೆ ತುಂಬ ಉಂಡು ತೆಂಕಿಗೆ ತೇಲಿಹೋದವು. ಇಳಿತದ ಜೊತೆ ಬೈಗೆಯೂ ಹೋಯಿತು. ಅಂದು ಊರು ಉಪ್ಪು ಹಾಕಿದ ತಿಳಿಗಂಜಿ ಕುಡಿಯಿತು. ಹೆರಿಯಜ್ಜ ಇಳಿದು ಬಂದು ವಸ್ತ್ರವನ್ನು ತಾಂಡೇಲನ ಮುಂದೆ ಮರಳಿನ ಮೇಲಿಟ್ಟ. "ಸುಳ್ಳ್ ಹೇಳ್ದೆ ಮಗಾ. ನಾಳೆಯಿಂದ ಬೇರೆಯವ್ರ್ ಹತ್ಲಿ."

ತಾಂಡೇಲ ವಸ್ತ್ರದ ಮರಳು ಕೊಡವಿ ಮುದುಕನ ಹೆಗಲಿಗೆ ಹಾಕಿದ. "ಮೀನಿನ್ ಮೇಲೆ ಹಕ್ಕಿ ಹಿಂಡ್ ಸುತ್ತುದ್ ನಮ್ಗೂ ಕಂಡಿತ್ತ್ ಅಜ್ಜಯ್ಯ. ನೀವ್ ಇಲ್ಲೆ ಅಂದ್ರಿ. ಹಾಂಗಾರೆ ಇಲ್ಲೆ."

ಹೆರಿಯಜ್ಜ ಎಲ್ಲರೆದುರೇ ಅತ್ತುಬಿಟ್ಟನಂತೆ. ಮರುದಿನವೇ ಬಲೆ ತುಂಬಿತೆಂದು ಕೆಲವರು, ಹದಿನೈದು ದಿನ ಚೂರು ಮೀನೂ ಸಿಗಲಿಲ್ಲವೆಂದು ಕೆಲವರು ಹೇಳುತ್ತಾರೆ. ಸಾಯುವವರೆಗೂ ಆ ಬಂಡೆ ಹತ್ತಿದವನು ಅವನೊಬ್ಬನೇ ಎಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಇಂದಿಗೂ ಕಡಲಪೂಜೆಯ ಮರುದಿನ ಅಲ್ಲಿಗೆ ಹೋದವರಿಗೆ ಮಡಿಸಿಟ್ಟ ಬಲೆಗಳ ಪಕ್ಕ ಸುಮ್ಮನೆ ಬೀಡಿ ಸೇದುತ್ತ ಕುಳಿತ ಮೊಗವೀರರು ಕಾಣುತ್ತಾರೆ. ಕೊಲ್ಲಿಯಲ್ಲಿ ಮೀನು ಪುಟಿಯುವುದನ್ನು ಬಂದವರು ಬೆರಳು ಮಾಡಿ ತೋರಿಸಿದರೆ, ಅವರು ಅತ್ತ ತಿರುಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, "ಎಲ್ಲಿ? ನಮ್ಗ್ ಕಾಣ್ತಿಲ್ಲೆ" ಎನ್ನುತ್ತಾರೆ.